ಕಟ್ಟೆಯ ಅಡಿ, ಚೀಲದ ಹಸಿರು, ಅಹವಾಲು ಸಭೆಯ ಜನ

ಓದುಗರ ಪ್ರಶ್ನೆ, ನಮ್ಮ ಉತ್ತರ

ನೀರು, ನೆಲ, ಗಾಳಿಯ ಬಗ್ಗೆ ಟಿವಿ, ಪತ್ರಿಕೆ, ಜಾಹೀರಾತುಗಳು ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ಕೇಳಿ ಮಂಡ್ಯ, ಮೈಸೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇವೆ, ಮಾತು ಬರೆದವರದ್ದೇ.

ಕಟ್ಟೆಗೆ ನೂರಡಿ ನೀರು ಬಂದದೆ ಅಂತ ಬೆಳಗ್ಗಿಂದ ಟೀವೀಲಿ ಹೇಳ್ತಾವ್ರೆ. ನೂರಡಿ ಅಂದ್ರೆ ಮುಕ್ಕಾಲು ತುಂಬ್ದಂಗೆ ಅಲ್ವಾ? ಮತ್ಯಾಕೆ ನಾಲೆಗೆ ಬಿಟ್ಟಿಲ್ಲ? ಒಟ್ಲು ಬಿಡ್ಲೋ ಬ್ಯಾಡ್ವೋ?
– ರೈತರೊಬ್ಬರು, ಪಾಂಡವಪುರ ತಾಲ್ಲೂಕು

ಮುಕ್ಕಾಲಲ್ಲ, ಅರ್ಧವೂ ಆಗಿಲ್ಲ. ಕನ್ನಂಬಾಡಿಯ, ಅಂದರೆ ಕೆಆರ್‌ಎಸ್‌ನ, ಪೂರ್ಣ ಮಟ್ಟ 124.80 ಅಡಿ, ಆಗ ಹಿಡಿಯುವ ನೀರು 49.452 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ನೂರು ಅಡಿ ಎಂದರೆ ಎತ್ತರದಲ್ಲಿ ಶೇ 80 ಆಯಿತು, ನೀರಿನಲ್ಲಿ ಅರ್ಧಕ್ಕೂ ಕಡಿಮೆ. ಕಟ್ಟೆಯ ಹಿಂದಿರುವುದು ಡ್ರಮ್ಮಿನಂತೆ ನೆಟ್ಟಗಿರುವ ಪಾತ್ರೆಯಲ್ಲ, ಬಾಣಲೆ. ತಳ ಕಿರಿದು, ಬಾಯಿ ಅಗಲ. ತುಂಬಿದಾಗ ನೀರು ಸುಮಾರು 129 ಚದರ ಕಿಲೋಮೀಟರ್ ಹರಡಿರುತ್ತದೆ, ಆ ಮಟ್ಟದಲ್ಲಿ ಒಂದೇ ಒಂದು ಅಡಿಗೆ ಸುಮಾರು 1.4 ಟಿಎಂಸಿ. ಕೆಳಕ್ಕಿಳಿದರೆ ಅದೇ ಒಂದು ಅಡಿಯಲ್ಲಿ ಅದರರ್ಧವೂ ಇರುವುದಿಲ್ಲ. ಇನ್ನು ತಳದ ಸುಮಾರು 4.4 ಟಿಎಂಸಿ ಬಳಕೆಗೆ ಸಿಗದ ನೀರು. ಆದ್ದರಿಂದ ಅಡಿಯನ್ನು ಬಿಟ್ಟು, ಅದರ ಪಕ್ಕದಲ್ಲಿ ಸಣ್ಣಗೆ ಬರೆದಿರುವ ಟಿಎಂಸಿ ನೋಡಿ. ಪತ್ರಿಕೆಗಳ ಜಲಾಶಯ ಪಟ್ಟಿಯಲ್ಲಿ ಎರಡೂ ಇರುತ್ತವೆ. ಟಿವಿಯಲ್ಲಿ ಮಾತ್ರ ಅಡಿಯೊಂದನ್ನೇ ಕೂಗುವುದು ಹೆಚ್ಚು, ದಿನದಿನಕ್ಕೂ ಏರುವ ಆ ಸಂಖ್ಯೆ ನೋಡುವವರನ್ನು ಹಿಡಿದು ಕೂರಿಸುತ್ತದೆ.

ಎರಡನೆಯ ಗೊಂದಲ ಕ್ಯುಸೆಕ್‌ನದು. ಟಿಎಂಸಿ ಎಂದರೆ ಹಗೇವಿನಲ್ಲಿರುವ ರಾಗಿ, ಕ್ಯುಸೆಕ್ ಎಂದರೆ ಅದನ್ನು ಮೊಗೆಯುವ ವೇಗ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರ್‌ಗಿಂತ ತುಸು ಹೆಚ್ಚು, ಹರಿದರೆ ಒಂದು ಕ್ಯುಸೆಕ್. ನೆನಪಿಡಬೇಕಾದ ಸಂಖ್ಯೆ 11,574. ಅಷ್ಟು ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಳಹರಿವು 50,000 ಎಂದು ಕೆಂಪು ಪಟ್ಟಿಯಲ್ಲಿ ಬಂದರೆ 11,574ರಿಂದ ಭಾಗಿಸಿ: ದಿನಕ್ಕೆ 4.3 ಟಿಎಂಸಿ. ಆದರೆ ಆ 50,000 ಮೂರು ಗಂಟೆ ಇದ್ದು ಇಳಿದುಹೋದರೆ ಕಟ್ಟೆಗೆ ಸೇರುವುದು ಅರ್ಧ ಟಿಎಂಸಿ ಮಾತ್ರ. ಬಿಡುವ ನೀರಿಗೂ ಇದೇ ಲೆಕ್ಕ. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 15 ದಿನ 5,000 ಕ್ಯುಸೆಕ್‌ನಂತೆ ತಮಿಳುನಾಡಿಗೆ ನೀರು ಹರಿಸಲು ಹೇಳಿತು. ಕೇಳಲು ಸಣ್ಣ ಸಂಖ್ಯೆ, ಗುಣಿಸಿದರೆ 6.48 ಟಿಎಂಸಿ. ಬರದ ವರ್ಷದಲ್ಲಿ ಅದು ದೊಡ್ಡ ಮೊತ್ತ. ಅದನ್ನು ಅಳೆಯುವುದು ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ, ಕನ್ನಂಬಾಡಿಯ ಬಾಗಿಲಲ್ಲಿ ಅಲ್ಲ. ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ, ಅಂದರೆ ಕನ್ನಂಬಾಡಿಯ ಕೆಳಗೆ. ಕಬಿನಿ ಕೋಡಿ ಬಿದ್ದಿತೆಂಬ ಸುದ್ದಿಗೆ ಕನ್ನಂಬಾಡಿಯ ಗೇಟು ತೆರೆದ ಹಳೆಯ ದೃಶ್ಯ ಜೋಡಿಸಿದರೆ, ನಿಮ್ಮ ನಾಲೆಗೂ ಅದಕ್ಕೂ ಸಂಬಂಧವೇ ಇಲ್ಲ. ನಿಮಗೆ ಬೇಕಾದದ್ದು ಹಾರಂಗಿ, ಹೇಮಾವತಿಯ ಸುದ್ದಿ.

ಈಗ ಒಟ್ಲು, ಅಂದರೆ ಸಸಿಮಡಿ. ನಾಟಿಗೆ 21ರಿಂದ 25 ದಿನದ ಪೈರು ಸರಿ. 35 ದಿನ ದಾಟಿದ ಪೈರು ನಾಟಿಯಾದ ಮೇಲೆ ತೆಂಡೆ (ಬುಡದ ಮರಿ ಪೈರು) ಕಡಿಮೆ ಹೊಡೆಯುತ್ತದೆ, ಇಳುವರಿ ಅಲ್ಲೇ ಹೋಗುತ್ತದೆ. ಆದ್ದರಿಂದ ಟಿವಿಯಲ್ಲಿ ನೀರು ಕಂಡ ದಿನದಿಂದ ಮುಂದಕ್ಕೆ ಎಣಿಸಬೇಡಿ, ನಾಲೆಗೆ ನೀರು ಬಿಡುವ ದಿನದಿಂದ ಹಿಂದಕ್ಕೆ ಎಣಿಸಿ. ಆ ದಿನಾಂಕ ನೀರಾವರಿ ಸಲಹಾ ಸಮಿತಿಯ ತೀರ್ಮಾನದಲ್ಲಿ ಇರುತ್ತದೆ. ಎಷ್ಟು ಕಟ್ಟು (ನಾಲೆಗೆ ನೀರು ಬಿಡುವ ಸರದಿ), ಒಂದೊಂದು ಕಟ್ಟು ಎಷ್ಟು ದಿನ, ಕಡಿಮೆ ನೀರಿನ ಅರೆ ಖುಷ್ಕಿ ಬೆಳೆಗೆ ಮಾತ್ರವೋ ಭತ್ತಕ್ಕೂ ಉಂಟೋ, ಇಷ್ಟನ್ನೂ ವಿಭಾಗ ಕಚೇರಿಯಲ್ಲಿ ಬರಹದಲ್ಲೇ ಕೇಳಿ. ಸಭೆ ಮುಗಿಸಿ ಹೊರಬಂದವರು ಮೈಕಿನ ಮುಂದೆ ಆಡುವ ಮಾತು ಆ ಬರಹಕ್ಕೆ ಸಮವಲ್ಲ. ಕೊನೆ ಭಾಗದ ರೈತರಂತೂ ನೀರಗಂಟಿಯನ್ನು ಕೇಳಿ, ಮೊದಲ ಕಟ್ಟಿನ ನೀರು ಹೋದ ವರ್ಷ ನಿಮ್ಮ ತೂಬಿಗೆ ಎಷ್ಟನೇ ದಿನ ತಲುಪಿತ್ತೆಂದು ತಿಳಿದು, ಅಷ್ಟು ದಿನ ತಡಮಾಡಿ ಒಟ್ಲು ಬಿಡುವುದು ಒಳ್ಳೆಯದು.

ಒಂದು ವಾಹಿನಿಯ ಚರ್ಚೆಯಲ್ಲಿ ‘ಭತ್ತ, ಕಬ್ಬು ಬೆಳೆದು ರೈತರೇ ಕಾವೇರಿ ಖಾಲಿ ಮಾಡುತ್ತಿದ್ದಾರೆ’ ಎಂದರು. ಇನ್ನೊಂದರಲ್ಲಿ ‘ಬೆಂಗಳೂರು ನಮ್ಮ ನೀರು ಕುಡಿದು ಮುಗಿಸುತ್ತಿದೆ’ ಎಂದರು. ಯಾವುದು ನಿಜ?
– ಪದವಿ ವಿದ್ಯಾರ್ಥಿನಿ, ಮದ್ದೂರು

ಎರಡೂ ಕಡೆ ಸಂಖ್ಯೆ ಇಲ್ಲದಿರುವುದನ್ನು ಗಮನಿಸಿ. ಸಂಖ್ಯೆ ಇಟ್ಟರೆ ಜಗಳದ ಸ್ವರೂಪವೇ ಬದಲಾಗುತ್ತದೆ.

ಒಂದು ಎಕರೆ ಎಂದರೆ 4,047 ಚದರ ಮೀಟರ್. ನಿಂತ ನೀರಿನ ಭತ್ತಕ್ಕೆ ಮಳೆಯೂ ಸೇರಿ ಸುಮಾರು 1,200 ಮಿ.ಮೀ. ನೀರು ಬೇಕು ಎಂದಿಟ್ಟುಕೊಳ್ಳಿ, ಎಕರೆಗೆ 48 ಲಕ್ಷ ಲೀಟರ್ ದಾಟುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಅದರಲ್ಲಿ, ನಾಲೆಯ ಸೋರಿಕೆ ಬಿಟ್ಟು, 5,800 ಎಕರೆ ಭತ್ತ. ಕಬ್ಬು ಜಾಗಕ್ಕೆ ತಕ್ಕಂತೆ 1,500ರಿಂದ 2,500 ಮಿ.ಮೀ. ಕೇಳುತ್ತದೆ. ರಾಗಿಗೆ ಭತ್ತದ ಮೂರನೇ ಒಂದು ಭಾಗ ಸಾಕು. ಈ ಮಟ್ಟಿಗೆ ಮೊದಲ ವಾಹಿನಿ ಹೇಳಿದ್ದು ಸುಳ್ಳಲ್ಲ.

ಈಗ ನಗರ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 10 ಟಿಎಂಸಿ. ಮೊದಲಿನ ಹಂತಗಳ ದಿನಕ್ಕೆ 145 ಕೋಟಿ ಲೀಟರ್ ಸೇರಿಸಿದರೆ ಒಟ್ಟು 28ರಿಂದ 29 ಟಿಎಂಸಿ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಕೊಟ್ಟ ಪಾಲು 284.75 ಟಿಎಂಸಿ. ಅದರ ಹತ್ತರಲ್ಲಿ ಒಂದು ಪಾಲು ಒಂದು ನಗರಕ್ಕೆ. ಇದು ಕುಡಿಯುವ ನೀರು, ಬೇಡ ಎನ್ನಲಾಗದು. ಆದರೆ ನಗರ ಬಳಸಿದ ನೀರಿನಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಬರುತ್ತದೆ ಎಂದೇ ಒಳಚರಂಡಿ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಶುದ್ಧಿಯಾಗದೆ ಹೋದದ್ದರಲ್ಲಿ ಒಂದು ಭಾಗ ವೃಷಭಾವತಿ, ಅರ್ಕಾವತಿಗಳಲ್ಲಿ ಇಳಿದು ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಎರಡನೆಯ ವಾಹಿನಿ ಹೇಳದೆ ಬಿಟ್ಟದ್ದು ಇದನ್ನು.

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನದಿಯ ಪಾಲು ಹಂಚಿ ಆಗಿದೆ, ಯಾವ ಭಾಷಣವೂ ಅದಕ್ಕೊಂದು ಟಿಎಂಸಿ ಸೇರಿಸಲಾರದು. ಹೀಗಿರುವಾಗ ರೈತ ಮತ್ತು ನಗರವಾಸಿಯನ್ನು ಎದುರುಬದುರು ಕೂರಿಸಿದರೆ ಅನುಕೂಲವಾಗುವುದು ನಡುವೆ ಇರುವವರಿಗೆ. ಕಬ್ಬಿಗೆ ಬೆಲೆಯನ್ನೂ ಕಾರ್ಖಾನೆಯನ್ನೂ ಖಾತರಿ ಮಾಡಿ, ರಾಗಿಗೆ ಸಾಲು ನಿಲ್ಲಿಸಿ ಮಿತಿ ಹಾಕಿ ಖರೀದಿಸುವ ನೀತಿ ರೈತ ಮಾಡಿದ್ದಲ್ಲ. ನೀರು ಉಳಿಸುವ ದಾರಿ ಅವನಿಗೆ ಗೊತ್ತಿಲ್ಲವೆಂದೂ ಅಲ್ಲ. ಗದ್ದೆಯನ್ನು ಒಮ್ಮೆ ಒಣಗಿಸಿ ಒಮ್ಮೆ ನೀರು ಕಟ್ಟುವ ಪದ್ಧತಿಯನ್ನೇ ನೋಡಿ. ಒಂದು ಅಡಿ ಉದ್ದ, ನಾಲ್ಕರಿಂದ ಆರು ಅಂಗುಲ ಅಗಲದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ಸುತ್ತ ತೂತು ಕೊರೆದು, ಆ ಅರ್ಧವನ್ನು ಗದ್ದೆಗೆ ಇಳಿಸಿ, ಒಳಗಿನ ಮಣ್ಣು ತೆಗೆಯಬೇಕು. ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಐದು ಸೆಂ.ಮೀ. ನೀರು ನಿಲ್ಲಿಸುವುದು. ನಾಟಿಯಾದ ಮೊದಲ ಎರಡು ವಾರ, ಮತ್ತೆ ಹೂ ಬಿಡುವ ಹೊತ್ತಿನಲ್ಲಿ ಒಣಗಿಸಬಾರದು. ಶೇ 15ರಿಂದ 30ರಷ್ಟು ನೀರು ಉಳಿಯುತ್ತದೆ. ಬೋರ್‌ವೆಲ್ ಇದ್ದವರಿಗೆ ಇದು ಸುಲಭ. ಕಟ್ಟು ಪದ್ಧತಿಯ ನಾಲೆ ನೀರಿನವರಿಗೆ ಹಾಗಲ್ಲ, ಪೈಪು ಹದಿನೈದು ಸೆಂ.ಮೀ. ತೋರಿಸಿದ ದಿನ ನಾಲೆಯಲ್ಲಿ ನೀರು ಇರಬೇಕಲ್ಲ. ಮುಂದಿನ ಕಟ್ಟು ಬರುತ್ತದೋ ಇಲ್ಲವೋ ಎಂಬ ಅನುಮಾನ ಇರುವವನು ಬಂದಾಗಲೇ ಬದು ಮುಟ್ಟುವಷ್ಟು ನಿಲ್ಲಿಸಿಕೊಳ್ಳುತ್ತಾನೆ. ಇದನ್ನು ದುರಾಸೆ ಎಂದು ಸ್ಟುಡಿಯೋದಲ್ಲಿ ಕೂತು ಹೇಳುವುದು ಅನ್ಯಾಯ. ವೇಳಾಪಟ್ಟಿ ನಂಬುವಂತಿದ್ದರೆ ಆ ಅಭ್ಯಾಸ ತಾನಾಗಿ ಕಡಿಮೆಯಾಗುತ್ತದೆ.

ಚರ್ಚೆ ಯಾಕೆ ಹೀಗೇ ನಡೆಯುತ್ತದೆ ಎಂದೂ ನೀವು ಕೇಳಿದ್ದೀರಿ. ಮೀಟರ್ ಇಟ್ಟ ಮನೆಗಳಲ್ಲಿ ಯಾರು ಎಷ್ಟು ಹೊತ್ತು ಯಾವ ವಾಹಿನಿ ನೋಡಿದರು ಎಂಬುದರ ಮೇಲೆ ಜಾಹೀರಾತಿನ ದರ ನಿಲ್ಲುತ್ತದೆ. ಜಗಳ ನಡೆಯುತ್ತಿರುವಾಗ ಚಾನೆಲ್ ಬದಲಿಸುವವರು ಕಡಿಮೆ, ಟಿಎಂಸಿಯ ಗುಣಾಕಾರ ನಡೆಯುತ್ತಿದ್ದರೆ ಹೆಚ್ಚು.

ಅಂಗಡಿಯಲ್ಲಿ ‘ಪರಿಸರಸ್ನೇಹಿ ಬಟ್ಟೆ ಚೀಲ’ ಎಂದು ಹತ್ತು ರೂಪಾಯಿ ತೆಗೆದುಕೊಳ್ಳುತ್ತಾರೆ. ‘ಮಣ್ಣಲ್ಲಿ ಕರಗುವ ಕವರ್’ ಕೂಡ ಬಂದಿದೆ. ನಂಬಬಹುದೆ?
– ಗೃಹಿಣಿ, ಕುವೆಂಪುನಗರ, ಮೈಸೂರು

ಚೀಲವನ್ನು ಬೆಳಕಿಗೆ ಹಿಡಿಯಿರಿ. ಬಟ್ಟೆಯಾದರೆ ಹಾಸು, ಹೊಕ್ಕು ಎರಡು ದಿಕ್ಕಿನ ನೂಲು ಕಾಣುತ್ತದೆ, ಅಂಚಿನಿಂದ ಒಂದು ಎಳೆ ಹಿರಿದರೆ ಉದ್ದಕ್ಕೂ ಬರುತ್ತದೆ. ಎಳೆಯೇ ಬಾರದೆ, ಮೈತುಂಬ ಒತ್ತಿದ ಸಣ್ಣ ಚುಕ್ಕಿಗಳಿದ್ದು, ಎಳೆದರೆ ಹತ್ತಿಯಂಥ ಜುಂಗು ಬಂದರೆ ಅದು ನಾನ್‌ವೋವನ್, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಕೆಲವು ತಿಂಗಳು ಬಿಸಿಲಿಗೆ ಇಟ್ಟರೆ ಪುಡಿಯಾಗಿ ಉದುರುತ್ತದೆ. ಅದು ಕರಗಿದ್ದಲ್ಲ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಆಗಿದ್ದು. ಸುಟ್ಟು ನೋಡುವ ಪ್ರಯೋಗ ಮಾಡಬೇಡಿ, ಹೊಗೆ ಕೆಟ್ಟದ್ದು.

ಕಾಂಪೋಸ್ಟ್ ಆಗುವ ಕವರಿನ ಮೇಲೆ ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇರಲೇಬೇಕು. ಅದಿಲ್ಲದೆ ಎಲೆಯ ಚಿತ್ರ ಮಾತ್ರ ಇದ್ದರೆ ಬಿಡಿ. ಇದ್ದರೂ ಒಂದು ಮಾತು ತಿಳಿದಿರಲಿ: ಆ ಪರೀಕ್ಷೆ ಮಾಡುವುದು ಸುಮಾರು 58 ಡಿಗ್ರಿ ಬಿಸಿ ಇರುವ ಕಾಂಪೋಸ್ಟ್ ರಾಶಿಯಲ್ಲಿ. ನಿಮ್ಮ ಹಿತ್ತಿಲ ಗುಂಡಿ ಅಷ್ಟು ಬಿಸಿಯಾಗುವುದಿಲ್ಲ, ಕವರ್ ಹಾಗೇ ಉಳಿಯುತ್ತದೆ.

ಆಧಾರವಿಲ್ಲದೆ ‘ಹಸಿರು’, ‘ಪರಿಸರಸ್ನೇಹಿ’ ಎನ್ನುವುದಕ್ಕೆ ತಡೆ ಹಾಕುವ ಕೇಂದ್ರದ ಮಾರ್ಗಸೂಚಿ 2024ರ ಅಕ್ಟೋಬರ್‌ನಲ್ಲಿ ಬಂದಿದೆ. ಅಂಥ ಮಾತಿಗೆ ಪುರಾವೆ ಏನೆಂದು ಜಾಹೀರಾತಿನಲ್ಲೇ, ಇಲ್ಲವೆ ಕ್ಯೂಆರ್ ಕೋಡ್ ಮೂಲಕ ತೋರಿಸಬೇಕು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಚೀಲದ ಎರಡೂ ಬದಿಯ ಫೋಟೊ, ಬಿಲ್, ಅಂಗಡಿಯ ಫಲಕದ ಫೋಟೊ ಮೂರನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

‘ಹಸಿರು ಬಡಾವಣೆ, 24 ಗಂಟೆ ಕಾವೇರಿ ನೀರು’ ಎಂಬ ನಿವೇಶನದ ಜಾಹೀರಾತು ಪ್ರತಿ ವಾರ ಬರುತ್ತಿದೆ. ಏನು ನೋಡಬೇಕು?
– ನಿವೃತ್ತ ನೌಕರರು, ಶ್ರೀರಾಂಪುರ, ಮೈಸೂರು

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ, ನೋಂದಣಿ ಸಂಖ್ಯೆ ಜಾಹೀರಾತಿನಲ್ಲೇ ಇರಬೇಕೆಂದು ಕಾನೂನು ಹೇಳುತ್ತದೆ. ಇಲ್ಲದಿದ್ದರೆ ಮುಂದೆ ಓದಬೇಡಿ. ಇದ್ದರೆ ರೇರಾ ಜಾಲತಾಣದಲ್ಲಿ ಅದೇ ಸಂಖ್ಯೆ ಹಾಕಿ, ಅಲ್ಲಿರುವ ನಕ್ಷೆಯನ್ನು ಕರಪತ್ರದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಪಾರ್ಕಿಗೆ ಜಾಗ ಬಿಡುವುದು ಬಡಾವಣೆ ಮಂಜೂರಾತಿಯ ಷರತ್ತು, ಮಾಲೀಕರ ಕೊಡುಗೆಯಲ್ಲ. ನೀರಿನ ಬಗ್ಗೆ ಒಂದೇ ಪ್ರಶ್ನೆ: ಸಂಪರ್ಕ ಕೊಡಲು ವಾಣಿವಿಲಾಸ ವಾಟರ್ ವರ್ಕ್ಸ್ ಅಥವಾ ಸ್ಥಳೀಯ ಸಂಸ್ಥೆ ಒಪ್ಪಿದ ಪತ್ರ ಎಲ್ಲಿದೆ? ‘ಪೈಪ್ ಹಾಕಿದ್ದೇವೆ’ ಎಂಬುದು ಅದಕ್ಕೆ ಉತ್ತರವಲ್ಲ. ಬಹಳ ಕಡೆ ಆ ಪೈಪಿನ ಇನ್ನೊಂದು ತುದಿ ಬೋರ್‌ವೆಲ್ಲಿನಲ್ಲಿರುತ್ತದೆ. ಕರಪತ್ರವನ್ನು ಜೋಪಾನವಾಗಿಡಿ. ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿದ್ದರೆ ಬಡ್ಡಿ ಸಮೇತ ವಾಪಸು ಕೇಳಲು ರೇರಾದ 12ನೇ ಕಲಮಿನಲ್ಲಿ ಅವಕಾಶವಿದೆ, ಆಗ ಅದೇ ಸಾಕ್ಷಿ.

ಮೈಸೂರಿನ ಗಾಳಿ ಉತ್ತಮ ಎಂದು ಪತ್ರಿಕೆ ಬರೆಯುತ್ತದೆ. ನನ್ನ ಫೋನಿನ ಆ್ಯಪ್ ‘ಅನಾರೋಗ್ಯಕರ’ ಎನ್ನುತ್ತದೆ.
– ಸರಸ್ವತಿಪುರಂ

ಅಳತೆಗೋಲು ಬೇರೆ. ಪಿಎಂ 2.5 ಎಂಬ ಅತಿ ಸಣ್ಣ ದೂಳು ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕ 100, ಅಂದರೆ ‘ತೃಪ್ತಿಕರ’. ಅದೇ ದೂಳಿಗೆ ಅಮೆರಿಕದ ಸೂಚ್ಯಂಕ 150 ದಾಟಿ ‘ಅನಾರೋಗ್ಯಕರ’. ಹಲವು ಆ್ಯಪ್‌ಗಳು ಎರಡನೆಯದನ್ನು ಬಳಸುತ್ತವೆ. ಸೂಚ್ಯಂಕ ಬಿಟ್ಟು ಮೈಕ್ರೋಗ್ರಾಂ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿಗೆ ಹೇಳಿದ ಮಿತಿ 15. ಇನ್ನೊಂದು: ಅಳೆಯುವ ಯಂತ್ರ ಹೆಬ್ಬಾಳದಲ್ಲಿದ್ದರೆ ಅದು ಹೇಳುವುದು ಹೆಬ್ಬಾಳದ ಗಾಳಿಯನ್ನು, ನಿಮ್ಮ ರಸ್ತೆಯದ್ದನ್ನಲ್ಲ.

ಒಂದೇ ದಿನ ಎರಡು ಪತ್ರಿಕೆಗಳಲ್ಲಿ ಒಬ್ಬ ಮುಖಂಡರ ‘ಕೆರೆ ಅಭಿವೃದ್ಧಿ ಸಾಧನೆ’ ಬಗ್ಗೆ ಅಕ್ಷರ ಬಿಡದೆ ಅದೇ ಲೇಖನ ಬಂತು. ಇದು ಸುದ್ದಿಯೋ?
– ಶಿಕ್ಷಕರು, ಹುಣಸೂರು

ಪುಟದ ಮೂಲೆಯಲ್ಲಿ ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದು ಸಣ್ಣಕ್ಷರ ಇದೆಯೇ ಹುಡುಕಿ. ಇದ್ದರೆ ಅದು ಹಣ ಕೊಟ್ಟು ಹಾಕಿಸಿದ್ದು, ಬಚ್ಚಿಟ್ಟಿಲ್ಲ. ಇಲ್ಲದಿದ್ದರೆ ವರದಿಗಾರರ ಹೆಸರಿದೆಯೇ, ಕೆರೆಯಂಚಿನ ಒಬ್ಬ ರೈತನ ಮಾತಾದರೂ ಇದೆಯೇ, ಖರ್ಚು ಎಷ್ಟು, ತೆಗೆದ ಹೂಳು ಎಷ್ಟು ಎಂದಿದೆಯೇ ನೋಡಿ. ಯಾವುದೂ ಇಲ್ಲದೆ ವಾಕ್ಯಗಳೂ ಒಂದೇ ಆಗಿದ್ದರೆ ಒಂದೇ ಕಡೆಯಿಂದ ಬಂದ ಪ್ರಕಟಣೆ. ಹಣ ಕೈ ಬದಲಾಯಿತು ಎಂದು ಅಷ್ಟರಿಂದಲೇ ಹೇಳಲಾಗದು, ಬರೆಯುವ ಕೈ ಸೋಮಾರಿಯಾದರೂ ಹೀಗಾಗುತ್ತದೆ. ಓದುಗರಿಗೆ ಆಗುವ ನಷ್ಟ ಎರಡರಲ್ಲೂ ಒಂದೇ. ಕಾಸಿನ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಕೊಟ್ಟಿದೆ. ಚುನಾವಣೆಯ ಹೊತ್ತಿನಲ್ಲಾದರೆ ಎರಡೂ ಪುಟಗಳನ್ನು ಜೋಡಿಸಿ ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗೆ ಕೊಡಿ, ಅಭ್ಯರ್ಥಿಯ ಖರ್ಚಿಗೆ ಅದನ್ನು ಸೇರಿಸಬಹುದು.

ಕೆರೆಯ ನಿಜ ತಿಳಿಯಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ‘ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ. ‘ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಪಾವತಿ ಬಿಲ್ಲುಗಳ ನಕಲು’ ಎಂದು ದಾಖಲೆಯ ಹೆಸರು ಹಿಡಿದು ಕೇಳಿ. ಎಷ್ಟು ಘನ ಮೀಟರ್ ಹೂಳೆತ್ತಿದರೆಂದು ಗೊತ್ತಾಗುವುದು ಅಳತೆ ಪುಸ್ತಕದಲ್ಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ.

ನಮ್ಮ ಊರ ಪಕ್ಕ ಕಲ್ಲು ಗಣಿ ಬರುತ್ತದಂತೆ. ಅಹವಾಲು ಸಭೆಗೆ ಅವರ ಕಡೆಯವರನ್ನು ವ್ಯಾನ್‌ಗಳಲ್ಲಿ ತುಂಬಿ ತರುತ್ತಾರೆ ಎಂದು ಸುದ್ದಿ. ನಾವು ನಲವತ್ತು ಮನೆಯವರು ಏನು ಮಾಡಲು ಸಾಧ್ಯ?
– ಗ್ರಾಮಸ್ಥರು, ಶ್ರೀರಂಗಪಟ್ಟಣ ತಾಲ್ಲೂಕು

ಧೈರ್ಯಗೆಡಬೇಡಿ. ಅಲ್ಲಿ ಕೈಯೆತ್ತಿಸಿ ಎಣಿಸುವುದಿಲ್ಲ, ಇಷ್ಟು ಜನ ಸೇರಲೇಬೇಕೆಂಬ ನಿಯಮವೂ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಯ ಉದ್ದೇಶ ಆಕ್ಷೇಪಗಳನ್ನು ದಾಖಲಿಸುವುದು. ನೂರು ಜನರ ಘೋಷಣೆ ನಡಾವಳಿಯಲ್ಲಿ ‘ಕೆಲವರು ಬೆಂಬಲಿಸಿದರು, ಕೆಲವರು ವಿರೋಧಿಸಿದರು’ ಎಂಬ ಒಂದು ಸಾಲಾಗುತ್ತದೆ. ಪುಟದ ಸಂಖ್ಯೆ ಹಾಕಿ ಬರೆದ ಒಂದು ಆಕ್ಷೇಪಕ್ಕೆ ಮಾತ್ರ ಕಂಪನಿ ಲಿಖಿತ ಉತ್ತರ ಕೊಡಬೇಕಾಗುತ್ತದೆ.

ಮೊದಲು ವಿಸ್ತೀರ್ಣ ನೋಡಿ. ಐದು ಹೆಕ್ಟೇರ್‌ವರೆಗಿನ ಸಣ್ಣ ಗಣಿ ಬಿ-2 ವರ್ಗಕ್ಕೆ ಬಿದ್ದು ಸಭೆಯೇ ಇಲ್ಲದೆ ಹೋಗಬಹುದು. ಅದಕ್ಕೇ ಅಕ್ಕಪಕ್ಕದ ಜಮೀನುಗಳನ್ನು ಬೇರೆ ಬೇರೆ ಹೆಸರಿನಲ್ಲಿ ನಾಲ್ಕೂ ಮುಕ್ಕಾಲು ಹೆಕ್ಟೇರ್‌ನಂತೆ ತೋರಿಸುವುದುಂಟು. ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರ್ ಒಳಗಿರುವ ಗಣಿಗಳನ್ನು ಗುಚ್ಛವೆಂದು ಒಟ್ಟಾಗಿ ಎಣಿಸಬೇಕು. ಸರ್ವೆ ನಂಬರುಗಳನ್ನು ಗ್ರಾಮ ನಕ್ಷೆಯ ಮೇಲೆ ಗುರುತು ಹಾಕಿ ಇದನ್ನು ನೀವೇ ತೋರಿಸಬಹುದು.

ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ಕರಡು ವರದಿ, ಅದರ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಇಬ್ಬರು ಹೋಗಿ, ಇಡೀ ವರದಿಯ ಫೋಟೊ ತೆಗೆದುಕೊಂಡು ಬನ್ನಿ. ಸಾರಾಂಶವೊಂದನ್ನೇ ಓದಿ ನಿಲ್ಲಿಸಬೇಡಿ, ತೊಡಕಿನ ಸಂಖ್ಯೆಗಳೆಲ್ಲ ಇರುವುದು ಒಳಗಿನ ಕೋಷ್ಟಕಗಳಲ್ಲಿ.

ಅದರಲ್ಲಿ ಲಾರಿಯ ಲೆಕ್ಕ ಮೊದಲು ಮಾಡಿ. ವರ್ಷಕ್ಕೆ ಎರಡು ಲಕ್ಷ ಟನ್ ಕಲ್ಲು, 300 ದಿನ ಕೆಲಸ ಎಂದಿದ್ದರೆ ದಿನಕ್ಕೆ 667 ಟನ್. 16 ಟನ್‌ನ ಟಿಪ್ಪರ್ ಆದರೆ 42 ಲೋಡು, ಹೋಗುವುದು ಬರುವುದು ಸೇರಿ 84 ಓಡಾಟ. ಹತ್ತು ಗಂಟೆಯ ಕೆಲಸದಲ್ಲಿ ಏಳು ನಿಮಿಷಕ್ಕೊಂದು ಟಿಪ್ಪರ್ ಶಾಲೆಯ ಮುಂದೆ ಹಾಯುತ್ತದೆ. ವರದಿಯಲ್ಲಿ ‘ಸಂಚಾರದ ಮೇಲೆ ನಗಣ್ಯ ಪರಿಣಾಮ’ ಎಂದಿದ್ದರೆ ಈ ಗುಣಾಕಾರವನ್ನು ಅದರ ಕೆಳಗೆ ಬರೆದುಕೊಡಿ. ನಂತರ ನೀರು: ದೂಳಿಗೆ ಸಿಂಪಡಿಸಲು ದಿನಕ್ಕೆ ಎಷ್ಟು, ಎಲ್ಲಿಂದ? ‘ಟ್ಯಾಂಕರ್’ ಎಂದಿದ್ದರೆ ಟ್ಯಾಂಕರಿಗೆ ಎಲ್ಲಿಂದ? ನಕ್ಷೆಯಲ್ಲಿ ನಿಮ್ಮ ಊರು, ನಾಲೆ, ಬಾವಿಗಳಿವೆಯೇ, ದೂರ ಸರಿಯಾಗಿದೆಯೇ ಅಳೆಯಿರಿ. ಬೇರೆ ಜಿಲ್ಲೆಯ ವರದಿಯಿಂದ ನಕಲಾದ ಪುಟಗಳೂ ಸಿಗುತ್ತವೆ, ಇಲ್ಲಿ ಇಲ್ಲದ ಹೊಳೆಯ ಹೆಸರು ಕಂಡರೆ ಪುಟ ಗುರುತಿಡಿ. ಬೇಕೆಂದೇ ಮುಚ್ಚಿಟ್ಟ ಅಥವಾ ಸುಳ್ಳು ಮಾಹಿತಿಯ ಮೇಲೆ ಅರ್ಜಿಯನ್ನೇ ತಿರಸ್ಕರಿಸಲು ಅಧಿಸೂಚನೆಯಲ್ಲಿ ಅವಕಾಶವಿದೆ.

ಆಕ್ಷೇಪಗಳನ್ನು ಕನ್ನಡದಲ್ಲೇ, ಒಂದೊಂದಕ್ಕೂ ಸಂಖ್ಯೆ ಹಾಕಿ ಬರೆದು, ಎರಡು ಪ್ರತಿ ಮಾಡಿ. ಒಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಭೆಗೆ ಮೊದಲೇ ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸಭೆಯಲ್ಲಿ ಮಾತಾಡುವವರು ವಿಷಯ ಹಂಚಿಕೊಳ್ಳಿ: ಒಬ್ಬರಿಗೆ ಲಾರಿ, ಒಬ್ಬರಿಗೆ ಬಾವಿ, ಒಬ್ಬರಿಗೆ ಸಿಡಿಮದ್ದಿಗೆ ಬಿರುಕು ಬಿಡುವ ಗೋಡೆ. ಬಂದ ವ್ಯಾನಿನವರೊಡನೆ ಜಗಳಕ್ಕೆ ಹೋಗಬೇಡಿ. ಗಲಾಟೆಯಾದರೆ ಮರುದಿನ ಪತ್ರಿಕೆಯಲ್ಲಿ ಬರುವುದು ಗಲಾಟೆ, ನಿಮ್ಮ ಬಾವಿಯಲ್ಲ. ಕಲಾಪವಿಡೀ ವಿಡಿಯೊ ಆಗಬೇಕು, ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಊಟದ ಹೊತ್ತಾಯಿತೆಂದು ಆಗಲೇ ಎದ್ದುಬಿಡುವುದು ಎಲ್ಲ ಕಡೆ ಆಗುವ ತಪ್ಪು. ಓದುವವರೆಗೆ ಕೂತಿದ್ದು, ಬಿಟ್ಟುಹೋದ ಅಂಶವನ್ನು ಅಲ್ಲೇ ಹೇಳಿ ಸೇರಿಸಿ.

ಅನುಮತಿ ಸಿಕ್ಕೇಬಿಟ್ಟರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನು 60 ದಿನ ಸಿಗಬಹುದು, ಅದಕ್ಕೂ ಮೇಲೆ ಇಲ್ಲ. ಹಾಗಾಗಿ ಸಭೆ ಮುಗಿದ ಮೇಲೆ ಪರಿಸರ ಅನುಮತಿಯ ಅರ್ಜಿಗಳಿರುವ ಪರಿವೇಶ್ ಜಾಲತಾಣದಲ್ಲಿ ಆ ಅರ್ಜಿಯ ಸ್ಥಿತಿಯನ್ನು ವಾರಕ್ಕೊಮ್ಮೆ ನೋಡಲು ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ವಹಿಸಿ. ಮೊಹರು ಹಾಕಿಸಿದ ನಿಮ್ಮ ಪ್ರತಿ ಆಗ ಕೈಯಲ್ಲಿರಬೇಕು.